ತಿಪ್ಪಣ್ಣ ಅಂದ್ರೆ ಏನು ಗೊತ್ತಾ?

“ಹೆಸರು ಬದಲ್ ಮಾಡ್ಸೋದು ಹ್ಯಾಂಗ್ರಿ ಮೇಡಂ?”

ಕಳೆದ ವಾರ ಎದುರು ವಠಾರದ ಹುಡುಗ ಕೇಳಿದ. ನನಗೆ ನಗು. ಅವನ ಮಗನನ್ನ ಇನ್ನೂ ತೊಟ್ಟಿಲಿಗೇ ಹಾಕಿಲ್ಲ. ಇಡದ ಹೆಸರನ್ನ ಬದಲಾಯಿಸೋದು ಹೇಗಪ್ಪಾ?

“ಕೂಸಿಂದಲ್ರಿ. ನಂದು.”

ಅವನು ತಿಪ್ಪಣ್ಣ. ಯಾದಗಿರಿ ಕಡೆಯವನು. ಬೈಯಪ್ಪನಹಳ್ಳಿಯ ನಮ್ಮ ಬೀದೀಲಿ ಬಾಡಿಗೆ ರೂಮು, ಮಾರತ್ತಹಳ್ಳಿಯ ಬಟ್ಟೆ ಅಂಗಡೀಲಿ ಕೆಲಸ. ಅಲ್ಲಿ ಮೊದಲು ‘ಟಿಪ್ಸ್’ ಅಂತಿದ್ರಂತೆ. ತಿಪ್ಪೆಯಿಂದ ಬಂದ ಹೆಸರು ಅಂತ ಯಾರಿಗೋ ಹೊಳೆದ ಮೇಲೆ ‘ಕಸದ ಗಾಡಿ’. (ಇದು ಕಾಮಿಡಿ!) “ನಾಳೆ ಸಾಲ್ಯಾಗ ನನ್ನ ಮಗನ್ನೂ ನಗ್ತಾರ್ರಿ” ಅಂದ.

ಅವನ ಹೆಂಡತಿ ಶರಣಮ್ಮ ಮಾತ್ರ ಮೊಬೈಲಲ್ಲಿ ಮುಳುಗಿದ್ಲು. ವಿಹಾನ್, ಅಯಾನ್, ರಿಯಾನ್, ಕಿಯಾನ್... ಅಲ್ಲಿ ಕೊಟ್ಟ ಅರ್ಥ ನೋಡಿದ್ರೆ, ಗಂಡು ಮಕ್ಕಳ ಹೆಸರಿಗೆ ಈಗ ಅದೆಷ್ಟು ಬೆಳಕು, ಅದೆಷ್ಟು ಕಿರಣ! ವಿಹಾನ್ ಪಾಸಾಯ್ತು.

ಭಾನುವಾರ ನಾಮಕರಣ. ಓನರ್ ಮನೆಯವರೇ ತಮ್ಮ ಹಳೇ ಮರದ ತೊಟ್ಟಿಲು ಕೊಟ್ಟಿದ್ರು. ಊರಿಂದ ತಿಪ್ಪಣ್ಣನ ತಾಯಿ ನಿಂಗಮ್ಮ ಬಂದಿದ್ರು. ಎಲೆ-ಅಡಿಕೆ ಜೋಡಿಸ್ತಾ ಕೂತಿದ್ದ ಅವರನ್ನ ಎಲ್ಲರ ಮುಂದೇನೇ ಕೇಳಿಬಿಟ್ಟ:

“ನನಗ ಇಡಾಕ ತಿಪ್ಪಿ ಬಿಟ್ರ ಬ್ಯಾರೆ ಹೆಸರ ಸಿಗಲಿಲ್ಲೇನವ್ವಾ?”

ನಿಂಗಮ್ಮ ಸಿಟ್ಟಾಗಲಿಲ್ಲ.

“ನಿನ್ನ ಮುಂಚೆ ಹುಟ್ಟಿದ್ದು ಒಂದೂ ದಕ್ಕಲಿಲ್ಲಪಾ. ಅದಕ್ಕ ನಿನ್ನ ಮೊರದಾಗ ಹಾಕಿ ತಿಪ್ಪಿ ಮ್ಯಾಲ ಇಟ್ಟೆ. ಯಾರಿಗೂ ಬ್ಯಾಡಾದ ಕೂಸು ಅಂದ್ಕೊಂಡು ಜವರಾಯ ಹಂಗ ಹೋಗ್ಲಿ ಅಂತ. ಹಸಿ ಬಾಣಂತಿ, ಬಾಗಿಲ ಹಿಂದ ನಿಂತಿದ್ದೆ. ನಾಯಿ ಬಂದ್ರ ಏನ್ಮಾಡ್ಲಿ ಅಂತ ಜೀವ ಬಾಯಿಗೆ ಬಂದಿತ್ತು. ಬಾಜು ಮನಿಯಾಕಿ ಎತ್ಕೊಂಡು ಬಂದು, ‘ತಿಪ್ಯಾಗ ಸಿಕ್ಕದವ್ವಾ, ಸಾಕ್ತಿ ಏನು?’ ಅಂದ್ಳು. ‘ಕೊಡು, ಸಾಕ್ತೀನಿ’ ಅಂದೆ. ನಂದs ಕೂಸು, ಅವಳ ಕೈಯಾಗಿಂದ ಇಸ್ಕೊಂಡೆ.”

ಶರಣಮ್ಮ ಕೂಸನ್ನ ಇನ್ನಷ್ಟು ಅವಚಿಕೊಂಡ್ಲು. ತಿಪ್ಪಣ್ಣ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡ. ಆಮೇಲೆ, “ಹಂಗಿದ್ರ ಇಂವಗೂ ಅದನ್ನs ಇಡೋಣು” ಅಂದ.

“ಹುಚ್ಚ ಅದೀಯೇನು?” ಮುದುಕಿ ಗದರಿದ್ರು. “ನಿನ್ನ ಉಳಿಸ್ಕೊಳ್ಳಾಕ ಬೇಕಿತ್ತು, ಇಟ್ಟೆ. ಇಂವ ಗುಂಡಕಲ್ಲಿನಂಗ ಅದಾನ. ಅದರ ತಾಯಿಗೆ ಬೇಕಾದ್ದು ಇಡ್ರಿ.”

ಎಂಥ ಹೆಂಗಸು ನೋಡಿ! ಮಗನ ಪ್ರಾಣಕ್ಕೆ ಅಂತ ಅಂಥ ಹೆಸರಿಟ್ರು. ಮೊಮ್ಮಗನ ವಿಷಯ ಬಂದಾಗ ಒಂದು ಚೂರೂ ಹಟವಿಲ್ಲದೆ ಬಿಟ್ಟುಕೊಟ್ರು. ತೊಟ್ಟಿಲು ತೂಗ್ತಾ “ವೀಯಾನಾ, ವೀಯಾನಾ” ಅಂತ ನಾಲಿಗೆ ಹೊರಳಿಸೋಕೆ ಒದ್ದಾಡ್ತಿದ್ರು. ಯಾರೋ ನಕ್ಕರೆ ತಾವೂ ನಕ್ಕರು.

ಸೋಮವಾರ ಅಂಗಡೀಲಿ ಒಬ್ಬ ಮತ್ತೆ ‘ಕಸದ ಗಾಡಿ’ ಅಂದನಂತೆ. ತಿಪ್ಪಣ್ಣ ಅವನನ್ನ ಟೀಗೆ ಕರ್ಕೊಂಡು ಹೋಗಿ ಅವ್ವನ ಕಥೆ ಹೇಳಿದನಂತೆ. ಸಂಜೆಯಿಂದ ಅಲ್ಲಿ ಎಲ್ಲರೂ ಪೂರ್ತಿ ಹೆಸರು ಹಿಡಿದೇ ಕರೀತಿದಾರೆ.

ಅಂದ ಹಾಗೆ, ನಿಮಗೆ ಆ ಹೆಸರೇ ಯಾಕಿಟ್ರು ಅಂತ ಮನೇಲಿ ಯಾವತ್ತಾದ್ರೂ ಕೇಳಿದ್ದೀರಾ?