ಓದಿದವನ ಹೆಬ್ಬೆಟ್ಟು

ಓಣಿಯ ವಾಟ್ಸಾಪ್ ಗುಂಪಿಗೆ ಬಂದ ಉದ್ದನೆಯ ಮೆಸೇಜಿಗೆ ನಾನು ಹೆಬ್ಬೆಟ್ಟಿನ ಚಿತ್ರ ಒತ್ತಿದ್ದನ್ನು, ಪಕ್ಕದಲ್ಲಿ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದ ಅವ್ವ ನೋಡಿಬಿಟ್ಟಳು.

"ಏನ್ ಬರದಾರೋ?" ಅಂದಳು.

ನಾನು ಓದಿರಲೇ ಇಲ್ಲ. ಈಗ ಓದಿದೆ. ನಮ್ಮ ಮನೆಯ ಹಿಂದೆಯೇ ಇರುವ ಗಂಗಕ್ಕ ಬಿದ್ದು ಕಾಲು ಮುರಿದುಕೊಂಡಿದ್ದಳು. 'ನಾನು ಬರೋದು ತಡ ಆಗತೈತಿ, ಯಾರಾದರೂ ಬಳ್ಳಾರಿ ಆಸ್ಪತ್ರೆಗೆ ಕರಕೊಂಡು ಹೋಗ್ರಿ' ಎಂದು ಮಡಕಶಿರಾದಲ್ಲಿರುವ ಅವಳ ಮಗಳು ಕೇಳಿದ್ದಳು. ಕೆಳಗೆ ಬರೀ ಹೆಬ್ಬೆಟ್ಟುಗಳು. ಹೊರಟವರು ಯಾರೂ ಇಲ್ಲ.

"ಓದಾಕ ಬರಂಗಿಲ್ಲಂತ ನಾ ಹೆಬ್ಬೆಟ್ಟು ಒತ್ತತೀನಿ. ಓದಿದಾವ ನಿನಗೇನಾಗೇತೋ?" ಎಂದವಳೇ ಅವ್ವ ಚಪ್ಪಲಿ ಮೆಟ್ಟಿದಳು. ನಾನೂ ಹಿಂದೆ ಓಡಿದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಆದರೆ ಆಸ್ಪತ್ರೆಯಲ್ಲಿ ಗಂಗಕ್ಕನ ಚಿಕಿತ್ಸೆಗೆ ಒಪ್ಪಿಗೆ ಪತ್ರ ಮುಂದಿಟ್ಟಾಗ, ಅವ್ವ ನನ್ನಿಂದ ಕೊನೆಯ ಸಾಲಿನವರೆಗೂ ಓದಿಸಿಕೊಂಡ ಮೇಲೆಯೇ ಹೆಬ್ಬೆಟ್ಟು ಒತ್ತಿದಳು.