ಹೊಟ್ಟೆ ತುಂಬಿದ ಕೌದಿ

ಹಳೆ ಸೀರೆಗಳನ್ನು ಸೇರಿಸಿ ನಾನು ಹೊಲಿದಿದ್ದ ಕೌದಿಯನ್ನು ಹಾಗೆಯೇ ಅಚ್ಚೊತ್ತಿದ ಬೆಡ್‌ಶೀಟೊಂದು ಶಿರಸಿಯ ಬಟ್ಟೆ ಅಂಗಡಿಯಲ್ಲಿ ತೂಗುತ್ತಿತ್ತು. ಹೋದ ವರ್ಷ ಕಿರವತ್ತಿಯ ನಮ್ಮ ಬೇಲಿಯ ಮೇಲೆ ಆ ಕೌದಿಯನ್ನು ಒಣಗಲು ಹಾಕಿದ್ದಾಗ ಯಾರೋ ಕಾರು ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋಗಿದ್ದರು. ಬಿಳಿ ದಾರ ಮುಗಿದು ಒಂದು ಮೂಲೆಗೆ ಕೆಂಪು ದಾರ ಹಾಕಿದ್ದೆ. ಅದೂ ಅಚ್ಚಾಗಿತ್ತು. ಬೆರಳಾಡಿಸಿದರೆ ನುಣ್ಣಗೆ, ಒಂದೂ ಹೊಲಿಗೆಯಿಲ್ಲ. ಸಿಟ್ಟು ಬರುವ ಮೊದಲೇ ಬೆರಗಾಯಿತು.

"ಇದು ನನ್ನ ಕೌದಿರೀ," ಎಂದೆ.

ಅಂಗಡಿಯವರು ಬೆಡ್‌ಶೀಟಿನ ಅಂಚಿಗಿದ್ದ ಚೀಟಿ ತೋರಿಸಿದರು. "ಕಂಪನಿ ಡಿಸೈನು ಅಜ್ಜಿ. ನಕಲು ಮಾಡಬಾರದು ಅಂತ ಬರೆದಿದ್ದಾರೆ ನೋಡಿ. ನೀವು ಇಂಥದ್ದು ಹೊಲಿದ್ರೆ ನಿಮ್ಮ ಮೇಲೇ ಕೇಸು."

"ಹಂಗಾರ ನಡುವಿನ ಈ ಹಳದಿ ತೇಪೆ ಎದಕ್ಕ ಐತಿ, ಹೇಳ್ರಿ."

"ಚಂದಕ್ಕೆ ಇರಬೇಕು."

ನನ್ನ ತವರು ವಿಜಯಪುರದ ಕಡೆ. ಅಲ್ಲಿ ಕೌದಿ ಮುಗಿಸುವಾಗ ನಡುವೆ ಹೊಲಿಯದೆ ಒಂದು ಬಾಯಿ ಬಿಟ್ಟು, ಒಳಗೆ ರೊಟ್ಟಿಯ ಚೂರು ಇಟ್ಟು, ಮೇಲೆ ತೇಪೆ ಹೊಲಿಯುತ್ತೇವೆ. ಕೌದಿಯೂ ಹಸಿದಿರಬಾರದು, ಹೊದ್ದವರೂ ಹಸಿದಿರಬಾರದು. ಇದನ್ನು ಹೇಳಿದಾಗ ಅವರು ಚೀಟಿಯನ್ನು ಮೆಲ್ಲನೆ ಒಳಗೆ ಮಡಚಿದರು.

"ಹಾಗಾದ್ರೆ ನಿಮ್ಮದೇ ಅಜ್ಜಿ."

ನನಗೆ ಅಷ್ಟೇ ಬೇಕಿತ್ತು. ಕೆಂಪು ದಾರವನ್ನೂ ಬಿಡದ ಯಂತ್ರ ಎಷ್ಟು ಜಾಣ ಎಂದು ಬಸ್ಸಿನಲ್ಲೂ ಯೋಚಿಸುತ್ತಿದ್ದೆ. ಪಾಪ, ಅದರ ಬೆಡ್‌ಶೀಟುಗಳೆಲ್ಲ ಉಪವಾಸ.