ಬರದ ಹಾರ್ಮೋನು

ನಮ್ಮಕ್ಕನನ್ನು ಕೊಟ್ಟಿರುವುದು ಸೊರಬದ ಕಡೆ, ಕುಬಟೂರಿಗೆ. ನಾನು ಶಿಕಾರಿಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ನಡುವೆ ಇರುವುದು ಬಸ್ಸಿನ ದಾರಿಯಷ್ಟೇ. ಆದರೂ ನನಗೆ ಜ್ವರವೋ ಬಾಣಂತನವೋ ಆಗದೆ ಅಕ್ಕ ನಮ್ಮ ಮನೆಯ ಗೇಟು ದಾಟಿದವಳಲ್ಲ. ಕಾಯಿಲೆ ಎಂದರೆ ಮೊದಲ ಬಸ್ಸಿಗೇ ಹಾಜರು. ನಾನು ಎದ್ದು ಗಂಜಿ ಕುಡಿದೆನೋ, ಚೀಲ ಅವಳ ಹೆಗಲಿಗೆ. ಇನ್ನೂ ಸ್ವಲ್ಪ ದಿನ ಇರು ಎಂದರೆ, "ಕಾರಣ ಇಲ್ದೆ ತಂಗಿ ಮನೇಲಿ ಕೂತ್ರೆ, ಗಂಡನ ಜೊತೆ ಜಗಳ ಆಡ್ಕಂಡು ಬಂದಾಳೆ ಅಂತಾರೆ ಕಣೇ" ಎನ್ನುತ್ತಾಳೆ. ಭಾವ ಜಗಳವಾಡುವುದಿರಲಿ, ಅವಳ ಮುಂದೆ ಕೆಮ್ಮುವುದಕ್ಕೂ ಯೋಚಿಸುವ ಮನುಷ್ಯ.

ಈ ಮಳೆಗಾಲದಲ್ಲಿ ನನಗೆ ಡೆಂಗಿಯಾದಾಗಲೂ ಬಂದಿದ್ದಳು. ಹೊರಡುವ ದಿನ ಬೆಳಿಗ್ಗೆ ಹಿತ್ತಲಿನಿಂದ ನನ್ನನ್ನು ಕೂಗಿದಳು. ವಿದ್ಯಾರ್ಥಿಗಳಿಗೆ ತೋರಿಸಲೆಂದು ಎರಡು ಕುಂಡಗಳಲ್ಲಿ ಟೊಮೆಟೊ ಬೆಳೆಸಿದ್ದೆ. ಒಂದು ಸೊಂಪಾಗಿತ್ತು, ಇನ್ನೊಂದು ಕುಳ್ಳ.

"ಇದಕ್ಕೆ ನೀರು ಹಾಕಲ್ವೇನೇ?"

"ಎರಡಕ್ಕೂ ಒಂದೇ ಸಮ ಹಾಕ್ತೀನಿ. ಅದೆಲ್ಲ ಬರದ ಹಾರ್ಮೋನಿನ ಆಟ."

"ಬರ್ದೇ ಇದ್ರೆ ಹಿಂಗೇ ಆಗೋದು. ಯಾಕೆ ಬರಲ್ವಂತೆ?"

ನನಗೆ ನಗು ತಡೆಯಲಾಗಲಿಲ್ಲ. ನಾನು ಹೇಳಿದ್ದು ಬರಗಾಲದ ಬರ. ನೀರು ಕಡಿಮೆಯಾದಾಗ ಎಲೆಯ ರಂಧ್ರಗಳನ್ನು ಮುಚ್ಚಿಸಿ ಗಿಡವನ್ನು ಉಳಿಸುವ ಹಾರ್ಮೋನು ಅದು. ಆದರೆ ಅಕ್ಕನ ಅರ್ಥವೂ ಹೇಗೋ ಸರಿಹೋಯಿತು: ಆ ಕುಳ್ಳ ಗಿಡದಲ್ಲಿ ಅದು ಹುಟ್ಟುವುದೇ ಕಡಿಮೆ. ನೀರಿಗೆ ಕೊರತೆಯಿಲ್ಲದ ದಿನಗಳಲ್ಲೂ ಅದು ತುಸುವಾದರೂ ಇರಬೇಕು, ಆಗಲೇ ಕಾಂಡದೊಳಗಿನ ನೀರಿನ ಕೊಳವೆಗಳು ಸರಿಯಾಗಿ ರೂಪುಗೊಳ್ಳುವುದು, ಎಲೆ ಅಗಲವಾಗುವುದು ಎಂದು ವಿವರಿಸಿದೆ. ಪೂರಾ ತರಗತಿಯ ದನಿಯೇ ಬಂತು.

"ಕಷ್ಟ ಇಲ್ದಾಗ ಬಂದು ಅದಕ್ಕೇನು ಕೆಲ್ಸ?"

"ಆಗ ಬಂದ್ರೇನೇ ಗಿಡ ಬೆಳೆಯೋದು, ಅಕ್ಕಾ" ಎಂದೆ. ನನಗೆ ಬೇಕಿದ್ದದ್ದು ಅವಳು, ಜ್ವರವಿಲ್ಲದ ದಿನಗಳಲ್ಲಿ. ಅದನ್ನು ನೇರವಾಗಿ ಕೇಳಲು ಮಾತ್ರ ಬಿಂಕ. ಅವಳು ನನ್ನ ಮುಖ ನೋಡಿದಳು, ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದಳು.

ಶ್ರಾವಣ ಕಳೆದ ಮೇಲೆ ಒಂದು ಭಾನುವಾರ ಗೇಟು ಸದ್ದಾಯಿತು. ಅಕ್ಕ! ನನ್ನ ಗಂಡ ಅವಳನ್ನು ಕಂಡವರೇ ಒಳಗೆ ಓಡಿಬಂದು ನನ್ನ ಹಣೆ ಮುಟ್ಟಿ ನೋಡಿದರು. ಜ್ವರವಿಲ್ಲ. ಸಾಲದ್ದಕ್ಕೆ ಭಾವನಿಗೆ ಫೋನ್ ಮಾಡಿ, "ಏನ್ರೀ, ಅಕ್ಕೋರು ಬಂದಾರಲ್ಲ, ಏನಾರ ಮಾತಾಯ್ತಾ?" ಎಂದು ಕೇಳಿದರು. ಪಾಪ, ಆ ಮನುಷ್ಯ ಗಾಬರಿಯಲ್ಲಿ ಮಾಡದ ತಪ್ಪಿಗೂ ಕ್ಷಮೆ ಕೇಳಿದರಂತೆ.

ಅಕ್ಕ ಇದ್ಯಾವುದಕ್ಕೂ ಕಿವಿಗೊಡದೆ ಚೀಲ ಇಳಿಸಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಯ್ಯೋ, ಇಷ್ಟು ದಪ್ಪ ಇದೀಯೇನೇ ನೀನು?"

ನನಗೆ ಅಳುವೇ ಬಂತು. ನನ್ನ ಮನೆಯಲ್ಲಿ ಅವಳು ನನ್ನನ್ನು ಆರೋಗ್ಯವಾಗಿದ್ದಾಗ ನೋಡಿದ್ದು ಅದೇ ಮೊದಲು.